ಆಸ್ಪತ್ರೆಯ ಸಾಲು ಎಲ್ಲಿ ಸಿಕ್ಕಿಕೊಳ್ಳುತ್ತದೆ?

ಬೆಳಿಗ್ಗೆ ಎಂಟಕ್ಕೇ ಚೀಟಿಗೆ ನಿಂತರೂ ಮಾತ್ರೆ ಕೈಗೆ ಸಿಗುವಾಗ ಮಧ್ಯಾಹ್ನ ಒಂದೂವರೆ. ವೈದ್ಯರ ಎದುರು ಕುಳಿತದ್ದು ಐದೇ ನಿಮಿಷ! 'ಇನ್ನಿಬ್ಬರು ಡಾಕ್ಟರನ್ನು ಹಾಕಬಾರದೇ?' ಎಂದು ನೀವು ಗೊಣಗುವುದು ಸಹಜ. ಆದರೆ ಹಾಕಿದರೂ ನೀವು ಬೇಗ ಮನೆ ಸೇರುತ್ತೀರೆಂಬ ಖಾತರಿಯಿಲ್ಲ.

ಏಕೆಂದರೆ ಹೊರರೋಗಿ ವಿಭಾಗದಲ್ಲಿರುವುದು ಒಂದು ಸಾಲಲ್ಲ, ನಾಲ್ಕು: ಚೀಟಿ, ವೈದ್ಯರು, ರಕ್ತಪರೀಕ್ಷೆ, ಔಷಧಿ. ರಕ್ತ ತೆಗೆಯುವವರು ಒಬ್ಬರೇ ಇದ್ದರೆ, ವೈದ್ಯರು ಹೆಚ್ಚಿದಷ್ಟೂ ಪ್ರಯೋಗಾಲಯದ ಮುಂದಿನ ಸಾಲು ಬೆಳೆಯುತ್ತದೆ, ಅಷ್ಟೆ.

ಸಾಲಿಗೂ ಗಣಿತವಿದೆ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎರ್ಲಾಂಗ್ 1909ರಲ್ಲಿ ದೂರವಾಣಿ ಕರೆಗಳಿಗಾಗಿ ಅದನ್ನು ಆರಂಭಿಸಿದರು. 1952ರಲ್ಲಿ ನಾರ್ಮನ್ ಬೈಲಿ ಹೊರರೋಗಿಗಳ ಸಾಲನ್ನೂ ಹೀಗೆಯೇ ಅಭ್ಯಾಸ ಮಾಡಿದರು. ಆ ಲೆಕ್ಕ ಹೀಗಿದೆ: ಗಂಟೆಗೆ ಸರಾಸರಿ 20 ಜನರನ್ನು ನೋಡಬಲ್ಲ ವೈದ್ಯರ ಬಳಿಗೆ 18 ಮಂದಿ ತಮಗೆ ತೋಚಿದ ಹೊತ್ತಿಗೆ ಬರುತ್ತಿದ್ದರೆ, ಕಾಯುವ ಸಮಯ ಸರಾಸರಿ 27 ನಿಮಿಷ. ಗಂಟೆಗೆ ಒಬ್ಬರು ಹೆಚ್ಚಾಗಿ 19 ಆದರೆ ಸಾಕು, ಅದು 57 ನಿಮಿಷಕ್ಕೆ ಏರುತ್ತದೆ! ಇಂಥ ಎರಡು ಕೊಠಡಿಗಳಿಗೆ ತಲಾ 18 ಮಂದಿ ಬೇರೆ ಬೇರೆ ಸಾಲಿನಲ್ಲಿ ನಿಂತರೆ ಅದೇ 27 ನಿಮಿಷ. ಎರಡಕ್ಕೂ ಒಂದೇ ಸಾಲು ಮಾಡಿ, ಬಿಡುವಾದ ವೈದ್ಯರು ಮುಂದಿನವರನ್ನು ಕರೆದರೆ 13 ನಿಮಿಷ. ಹೆಚ್ಚಿನ ಸಂಬಳ ಒಂದು ಪೈಸೆಯೂ ಬೇಡ.

ನೂಕುನುಗ್ಗಲೂ ಸ್ಥಳ ಬದಲಿಸುತ್ತದೆ. ಒಂಬತ್ತಕ್ಕೆ ಚೀಟಿಯ ಬಳಿ ಇದ್ದದ್ದು ಹನ್ನೊಂದಕ್ಕೆ ರಕ್ತಪರೀಕ್ಷೆಯ ಬಳಿ, ಆಮೇಲೆ ಔಷಧಿ ಕಿಟಕಿಯಲ್ಲಿ. ಚೀಟಿ ಬರೆಯುವ ಇಬ್ಬರಲ್ಲಿ ಒಬ್ಬರು ಹನ್ನೊಂದಕ್ಕೆ ಪ್ರಯೋಗಾಲಯದಲ್ಲಿ ಹೆಸರು ಬರೆದುಕೊಳ್ಳಲು ಹೋದರೆ, ಅಲ್ಲಿಯವರು ಪುಸ್ತಕ ಬಿಟ್ಟು ಸೂಜಿ ಹಿಡಿಯಬಹುದು. ಇಷ್ಟು ಸಣ್ಣ ಏರ್ಪಾಡು ಎಷ್ಟೋ ಕಡೆ ಆಗದಿರುವುದು, 'ಅದು ನನ್ನ ಕೆಲಸವಲ್ಲ' ಎಂಬ ಮಾತಿನಿಂದ.

ಈ ವಿಳಂಬ ಬರೀ ಬೇಸರದ ಸಂಗತಿಯಲ್ಲ. ಎದೆನೋವು, ಉಸಿರಾಟದ ತೊಂದರೆ, ಒಂದು ಕಡೆಯ ಕೈಕಾಲು ಸೋಲುವುದು ಇದ್ದವರು ಯಾವ ಸಾಲಿನಲ್ಲೂ ನಿಲ್ಲಬಾರದು. ನೇರವಾಗಿ ತುರ್ತು ವಿಭಾಗಕ್ಕೆ ಹೋಗಬೇಕು. ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯ ಪರೀಕ್ಷೆಗೆ ಬರುವಾಗ ಬೆಳಗಿನ ಮಾತ್ರೆ, ಇನ್ಸುಲಿನ್ ಏನು ಮಾಡಬೇಕೆಂದು ಮುಂಚಿತವಾಗಿ ವೈದ್ಯರನ್ನು ಕೇಳಿಟ್ಟುಕೊಳ್ಳಿ, ತಿಂಡಿಯ ಡಬ್ಬಿ ಜೊತೆಗಿರಲಿ. ಸಾಲಿನಲ್ಲಿ ಮೈ ಬೆವೆತು, ಕೈ ನಡುಗಿ, ತಲೆ ಮಂಕಾದರೆ ಪರೀಕ್ಷೆಯ ಚಿಂತೆ ಬಿಟ್ಟು ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ, ದಾದಿಯರಿಗೆ ತಿಳಿಸಿ. ಅಂದಹಾಗೆ, ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸ ಬೇಕಿಲ್ಲ. ಅದೊಂದೇ ಇದ್ದರೆ ಮನೆಯಲ್ಲೇ ತಿಂಡಿ ತಿಂದು ಹೊರಡಿ.