ಬರೋಲೋ ಸಸಿ ಸಿಗಲ್ಲ: ಇಟಲಿಯ ಕೆಂಪು ವೈನ್ ದ್ರಾಕ್ಷಿಗಳ ಪರಿಚಯ

ಇಟಲಿಯ ಕೆಂಪು ವೈನ್ ಅಂದ ಕೂಡಲೇ ಬರೋಲೋ, ಕಿಯಾಂಟಿ ಅನ್ನೋ ಹೆಸರು ಕೇಳಿಬರುತ್ತವೆ. ಇವು ತಳಿಯ ಹೆಸರಲ್ಲ, ಜಾಗದ ಹೆಸರು. ಆ ಜಾಗದಲ್ಲಿ ಬೆಳೆದ ಹಣ್ಣಿನಿಂದ, ಅಲ್ಲಿನ ನಿಯಮದಂತೆ ಮಾಡಿದ ವೈನಿಗೆ ಮಾತ್ರ ಆ ಹೆಸರು ಸಲ್ಲುತ್ತೆ. ಹಾಗಾಗಿ ಯಾವ ನರ್ಸರಿಗೆ ಹೋದರೂ ಬರೋಲೋ ಸಸಿ ಸಿಗಲ್ಲ. ತಳಿ ಯಾವುದು, ವೈನ್ ಯಾವುದು ಅಂತ ಒಂದೊಂದಾಗಿ ನೋಡೋಣ.

ನೆಬಿಯೋಲೋ

ಬರೋಲೋ ಆಗೋದು ಈ ತಳಿಯಿಂದ. ವಾಯವ್ಯ ಇಟಲಿಯ ಪಿಯೆಮಾಂಟೆ ಪ್ರದೇಶದ ಗುಡ್ಡಗಳಲ್ಲಿ ಬೆಳೆಯುತ್ತಾರೆ. ಬೇಗ ಚಿಗುರಿ, ತಡವಾಗಿ ಅಕ್ಟೋಬರ್ ಹೊತ್ತಿಗೆ ಹಣ್ಣಾಗುತ್ತೆ. ಅದಕ್ಕೆ ಬಿಸಿಲು ಚೆನ್ನಾಗಿ ಬೀಳುವ ಇಳಿಜಾರೇ ಬೇಕು. ತಗ್ಗಿನ ಸಮತಟ್ಟು ಜಮೀನಿನ ಹಣ್ಣಿಗೆ ಬರೋಲೋ ಹೆಸರಿಲ್ಲ. ಇಳುವರಿಗೂ ಮಿತಿ ಇದೆ: ಹೆಕ್ಟೇರಿಗೆ 8 ಟನ್, ಅಂದರೆ ಎಕರೆಗೆ ಸುಮಾರು 3.2 ಟನ್. ವೈನಿನ ಬಣ್ಣ ತಿಳಿ, ಒಗರು ಜಾಸ್ತಿ. ಆ ಒಗರು ಹದಕ್ಕೆ ಬರಲು ಕನಿಷ್ಠ 38 ತಿಂಗಳು ಇಡಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ.

ಬಾರ್ಬೇರಾ

ಇದೂ ಪಿಯೆಮಾಂಟೆಯದೇ. ಹುಳಿ ಜಾಸ್ತಿ, ಒಗರು ಕಡಿಮೆ. ಹಾಗಾಗಿ ವರ್ಷಗಟ್ಟಲೆ ಕಾಯದೆ ಕುಡಿಯಬಹುದು. ನೆಬಿಯೋಲೋಗೆ ಸರಿಹೋಗದ ಇಳಿಜಾರುಗಳಲ್ಲೂ ಇದನ್ನು ಹಾಕ್ತಾರೆ.

ಸಾಂಜೊವೇಸೆ

ಇಟಲಿಯಲ್ಲಿ ಅತಿ ಹೆಚ್ಚು ಬೆಳೆಯುವ ಕೆಂಪು ವೈನ್ ತಳಿ. ಟಸ್ಕನಿಯ ಕಿಯಾಂಟಿ ಕ್ಲಾಸಿಕೊ ವೈನಿನಲ್ಲಿ ಇದು ಕನಿಷ್ಠ 80% ಇರಬೇಕು. ಅದೇ ಟಸ್ಕನಿಯ ಮೊಂಟಾಲ್ಚಿನೊ ಊರಿನ ಬ್ರುನೆಲ್ಲೊ ವೈನಿಗೆ ಪೂರ್ತಿ 100% ಇದೇ. ತಳಿ ಒಂದೇ ಆದರೂ ಊರು ಬದಲಾದರೆ ರುಚಿ, ಬೆಲೆ ಎರಡೂ ಬೇರೆ.

ಕೊರ್ವಿನಾ

ವೆರೋನಾ ಹತ್ತಿರದ ವಾಲ್ಪೊಲಿಚೆಲ್ಲಾದಲ್ಲಿ ಇದರ ಗೊಂಚಲುಗಳನ್ನು ಗಾಳಿಯಾಡುವ ಕೋಣೆಯ ತಟ್ಟೆಗಳಲ್ಲಿ ತಿಂಗಳುಗಟ್ಟಲೆ ಬಾಡಿಸಿ, ಬೇರೆ ಸ್ಥಳೀಯ ತಳಿಗಳ ಜೊತೆ ಸೇರಿಸಿ ಅಮರೋನೆ ವೈನ್ ಮಾಡ್ತಾರೆ. ವಿಜಯಪುರದ ಒಣದ್ರಾಕ್ಷಿ ಶೆಡ್ ನೋಡಿದವರಿಗೆ ಈ ಕೆಲಸ ಹೊಸದೆನಿಸಲಿಕ್ಕಿಲ್ಲ. ಆದರೆ ಅಲ್ಲಿ ಪೂರ್ತಿ ಒಣಗಿಸೋದಿಲ್ಲ. ತೂಕ ಮೂರನೇ ಒಂದು ಭಾಗದಷ್ಟು ಇಳಿದು ಸಕ್ಕರೆ ಗಟ್ಟಿಯಾದರೆ ಸಾಕು. ತೇವ ನಿಂತರೆ ಬೂಷ್ಟು ಹಿಡಿಯುತ್ತೆ, ಕೊಳೆತ ಕಾಳು ಆರಿಸ್ತಾನೇ ಇರಬೇಕು.

ಅಲ್ಯಾನಿಕೊ

ದಕ್ಷಿಣ ಇಟಲಿಯ ತಳಿ. ಕಂಪಾನಿಯಾದ ತೌರಾಸಿ ವೈನ್ ಇದರದ್ದು. ವುಲ್ತುರೆ ಬೆಟ್ಟದ ಜ್ವಾಲಾಮುಖಿ ಮಣ್ಣಿನಲ್ಲೂ ಬೆಳೆಯುತ್ತೆ. ದಕ್ಷಿಣದ ಬಿಸಿಲಿದ್ದರೂ ಕೊಯ್ಲು ತಡ. ಬೆಟ್ಟದ ತಂಪು ಹುಳಿಯನ್ನು ಉಳಿಸುತ್ತೆ.

ನಾವು ತಿಳಿಯಬೇಕಾದ್ದು

ಒಂದು, ಇವರು ಬೆಲೆ ಪಡೆಯೋದು ತೂಕದಿಂದಲ್ಲ. ಹಣ್ಣು ಬಣ್ಣ ತಿರುಗುವ ಹೊತ್ತಿಗೆ ಹೆಚ್ಚಾದ ಗೊಂಚಲನ್ನು ಕತ್ತರಿಸಿ ನೆಲಕ್ಕೆ ಹಾಕುವವರೂ ಇದ್ದಾರೆ. ಎಕರೆಗೆ ಹತ್ತು ಟನ್ ನೋಡಿದ ನಮ್ಮ ಕಣ್ಣಿಗೆ ಇದು ಕಷ್ಟವೇ.

ಎರಡು, ಅಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತೆ. ನಮ್ಮಲ್ಲಿ ಬಳ್ಳಿ ಹಾಗೆ ಮಲಗೋದಿಲ್ಲ, ಏಪ್ರಿಲ್ ಮತ್ತು ಅಕ್ಟೋಬರ್ ಚಾಟ್ನಿ ಬೇಕೇ ಬೇಕು. ಬಿಸಿಲಿಗೆ ಸಕ್ಕರೆ ಬೇಗ ಏರಿ ಹುಳಿ ಇಳಿಯುತ್ತೆ. ಆದ್ದರಿಂದ ಅದೇ ತಳಿ ಹಾಕಿದರೂ ಅದೇ ವೈನ್ ಬರಲ್ಲ. ಹಾಗಂತ ಬೆಳೆಯೋದೇ ಇಲ್ಲ ಅಂತಲ್ಲ: ವಿಜಯಪುರದ ಪಕ್ಕದ ಸೋಲಾಪುರ ಜಿಲ್ಲೆಯ ಅಕ್ಲೂಜಿನಲ್ಲಿ ಸಾಂಜೊವೇಸೆ ಬೆಳೆದು ವೈನ್ ಮಾಡುತ್ತಿದ್ದಾರೆ.

ಮೂರು, ಮಾರುಕಟ್ಟೆ. ಈ ಹಣ್ಣು ಸಣ್ಣದು, ಒಳಗೆ ಬೀಜ. ವೈನರಿ ಕೊಳ್ಳದಿದ್ದರೆ ತಿನ್ನೋ ಹಣ್ಣಿನ ಸಂತೆಯಲ್ಲಿ ಕೇಳೋರಿಲ್ಲ. ಸಸಿಗೆ ಮುಂಗಡ ಕೊಡುವ ಮೊದಲು ವೈನರಿಯವರಿಂದ ತಳಿ, ಬೇಕಾದ ಬ್ರಿಕ್ಸ್, ಎಕರೆಗೆ ಎಷ್ಟು ಟನ್, ದರ, ಎಷ್ಟು ವರ್ಷದ ಒಪ್ಪಂದ, ಈ ಐದನ್ನೂ ಬರಹದಲ್ಲಿ ತಗೊಳ್ಳಿ. ಅವರು ಬರೆದು ಕೊಡದಿದ್ದರೆ ಗುಂಡಿ ತೋಡಬೇಡಿ.