ತುರಾಯಿ ಬೇರೆ, ಗೊಂಡೆ ಬೇರೆ

ತಮ್ಮಾ, ಕಾಲೇಜಿನ ಕೆಲಸಕ್ಕೆಂದು ದೇವಣಗಾಂವದ ಮಾತು ಕೂಡಿಸುತ್ತಿದ್ದೀಯಂತೆ, ಸಂತೋಷ. ಪಟ್ಟಿ ನೋಡಿದೆ. ಕೂದಲು, ಗರಿ, ನಾರು ಅಂತ ಮೂರು ಶಬ್ದದಲ್ಲಿ ಮುಗಿಸಿದ್ದೀ. ನಮ್ಮ ಭೀಮಾ ದಂಡೆಗೆ ಅಷ್ಟು ಬಡತನ ಬಂದಿಲ್ಲಪಾ.

ತಲೆಯ ಮೇಲಿನದು ಜುಟ್ಟು. ಕಾರಹುಣ್ಣಿವೆಗೆ ಎತ್ತಿನ ಕೊಂಬಿಗೆ ಕಟ್ಟುವುದು ಗೊಂಡೆ. ರುಮಾಲಿನ ಮೇಲೆ ನಿಲ್ಲುವುದು ತುರಾಯಿ. ಕಬ್ಬಿನ ತುದಿಗೆ ಬರುವುದು ಸೂಲಂಗಿ. ಸೂಲಂಗಿ ಬಂದ ಕಬ್ಬನ್ನು ಬಹಳ ದಿನ ಹೊಲದಲ್ಲೇ ಬಿಟ್ಟರೆ ಬೆಂಡಾಗಿ ತೂಕ ಇಳಿಯುತ್ತದೆ. ರೈತನಿಗೆ ಆ ಶಬ್ದ ಬೇಕಾದದ್ದು ಚೆಂದಕ್ಕಲ್ಲ, ಕಟಾವಿನ ಚಿಂತೆಗೆ. ಹಕ್ಕಿಯ ರೆಕ್ಕೆಯದು ಗರಿ, ಬಾಲದ ಕಡೆಯದು ಪುಕ್ಕ, ಮರಿಯ ಮೈಮೇಲಿನ ಮೆತ್ತನೆಯದು ತುಪ್ಪಳ. ಹುಂಜದ ಜುಟ್ಟಿನಲ್ಲಿ ಮಾತ್ರ ಕೂದಲೂ ಇಲ್ಲ, ಗರಿಯೂ ಇಲ್ಲ, ಬರೀ ಮಾಂಸ. ಆದರೂ ಜನ ಜುಟ್ಟು ಅಂದರೆ ಹಾಗೇ ಬರಿ, ತಿದ್ದಬೇಡ.

ನಾರಿನ ಕಡೆ ಬಾ. ಹತ್ತಿಯ ಬೀಜ ತೆಗೆದರೆ ಅರಳೆ, ಅರಳೆ ಸುತ್ತಿದರೆ ಹಂಜಿ, ಹಂಜಿ ಎಳೆದರೆ ನೂಲು. ಪುಂಡಿಯನ್ನು ನೀನು ಪಲ್ಯವೆಂದಷ್ಟೇ ಬಲ್ಲೆ. ಬಲಿತ ಪುಂಡಿ ಕಟ್ಟಿಗೆ ನೀರಲ್ಲಿ ಕೊಳೆಹಾಕಿ, ಸಿಪ್ಪೆ ಸುಲಿದು, ತೊಳೆದು ಒಣಗಿಸಿದರೆ ನಾರು. ಹಗ್ಗ ಹೊಸೆಯುವವರ ಕೈ ನೋಡು: ಎರಡು ಎಳೆಗಳನ್ನು ಒಂದೇ ದಿಕ್ಕಿಗೆ ಹುರಿ ಮಾಡಿ, ಆಮೇಲೆ ಎರಡನ್ನೂ ಕೂಡಿಸಿ ಎದುರು ದಿಕ್ಕಿಗೆ ತಿರುವುತ್ತಾರೆ. ಒಂದರ ಬಿಗಿ ಇನ್ನೊಂದನ್ನು ಹಿಡಿದುಕೊಳ್ಳುವುದರಿಂದ ಹಗ್ಗ ಬಿಚ್ಚುವುದಿಲ್ಲ. ಈಗ ಅಂಗಡಿಯಲ್ಲಿ ಪ್ಲಾಸ್ಟಿಕ್ ಹಗ್ಗ ಸಿಗುತ್ತದೆ, ಹೊಸೆಯುವ ಕೆಲಸವೇ ಇಲ್ಲ. ಕೆಲಸ ಹೋದ ಮೇಲೆ ಶಬ್ದವನ್ನು ಯಾರು ಆಡುತ್ತಾರೆ?

ಇನ್ನೊಂದು, ನಿನ್ನ ಪಟ್ಟಿಗೆ ಹೊಳೆದೇ ಇಲ್ಲ. ನಮ್ಮ ಲಾವಣಿ ಮೇಳಗಳಲ್ಲಿ ಕಲ್ಗಿ, ತುರಾಯಿ ಎಂದು ಎರಡು ಪಕ್ಷ. ಎರಡೂ ಪೇಟದ ಶೃಂಗಾರದ ಹೆಸರುಗಳೇ. ಕಲ್ಗಿಯವರು ಶಕ್ತಿ ಹೆಚ್ಚೆನ್ನುತ್ತಾರೆ, ತುರಾಯಿಯವರು ಶಿವ ಹೆಚ್ಚೆನ್ನುತ್ತಾರೆ. ನಾಗೇಶಿ, ಹರದೇಶಿ ಎಂದು ನೀನು ಕೇಳಿರುವುದು ಇದೇ ವಾದ. ರಾತ್ರಿಯಿಡೀ ಸವಾಲು ಜವಾಬು ನಡೆಸಿದ ಜನ ಒಂದು ಗರಿಗೂ ಒಂದು ಕುಚ್ಚಿಗೂ ಇಷ್ಟು ದೊಡ್ಡ ಅರ್ಥ ಹೊರಿಸಿದ್ದಾರೆ. ನೀನು ಎರಡನ್ನೂ ‘ಅಲಂಕಾರ’ ಎಂದು ಬರೆದರೆ ಆ ಜಗಳವೇ ಹೋಯಿತು.

ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಹೊರತಂದದ್ದು ಗೊತ್ತಲ್ಲ? ಬೀಸುವ, ಕುಟ್ಟುವ ಹೆಣ್ಣುಮಕ್ಕಳ ಬಾಯಲ್ಲಿದ್ದದ್ದನ್ನೇ ಅವರು ಬರೆದುಕೊಂಡರು. ನೀನೂ ಹಾಗೇ ಮಾಡು. ‘ಇದಕ್ಕೇನಂತೀರಿ’ ಅಂತ ಬರಿಗೈಯಲ್ಲಿ ಕೇಳಿದರೆ ಹಿರಿಯರು ನಿನ್ನ ಪುಸ್ತಕದ ಕನ್ನಡವನ್ನೇ ನಿನಗೆ ತಿರುಗಿ ಕೊಡುತ್ತಾರೆ. ಕೈಯಲ್ಲಿ ಒಂದು ಹಿಡಿ ನಾರು, ಒಂದು ಗೊಂಡೆ ಒಯ್ಯಿ. ಹೇಳಿದವರ ವಯಸ್ಸು, ಕಸುಬು ಬರಿ. ಹೊಳೆ ದಾಟಿ ಅಫಜಲಪುರದ ಕಡೆ ಬೇರೆ ಹೆಸರಿದ್ದರೆ ಅದನ್ನೂ ಬರಿ. ಮೊದಲು ಹಗ್ಗ ಹೊಸೆದು ಬಲ್ಲ ಅಜ್ಜಂದಿರ ಹತ್ತಿರ ಹೋಗು, ಉಳಿದವರನ್ನು ಆಮೇಲೆ ಕೇಳಿದರೂ ನಡೆದೀತು.