ಹೊಲಿಗೆ ಬಿಟ್ಟುಕೊಂಡರೆ?

ನಮ್ಮನೆಯವರಿಗೆ 46 ವರ್ಷ, ತೂಕ 124 ಕೆ.ಜಿ. ಸಕ್ಕರೆ ಕಾಯಿಲೆ ಇದೆ, ಮಲಗಿದರೆ ಹುಳಿತೇಗು. ಡಾಕ್ಟರು ಸ್ಲೀವ್ ಆಪರೇಷನ್ ಅಂದಿದ್ದಾರೆ. ಒಳಗೆ ಹೊಲಿಗೆ ಬಿಟ್ಟು ಸೋರಿದರೆ ಜೀವಕ್ಕೇ ಅಪಾಯವಂತೆ. ವಿಜಯಪುರದಿಂದ ಅತ್ತೆಯವರು ಬೇಡವೇ ಬೇಡ ಅನ್ನುತ್ತಿದ್ದಾರೆ. ಏನು ಮಾಡಲಿ?
— ಓದುಗರು, ಕೋಥ್ರೂಡ್, ಪುಣೆ

ತಂಗೀ, ಸೋರಿಕೆಗಿಂತ ಮೊದಲು ಆ ಹುಳಿತೇಗಿನ ಮಾತು. ಹೊಟ್ಟೆಯ ಮುಕ್ಕಾಲು ಪಾಲು ತೆಗೆದು ಸಪೂರ ಕೊಳವೆಯಂತೆ ಉಳಿಸುವುದು ಸ್ಲೀವ್. ಇರುವ ಆಸಿಡಿಟಿ ಅದರಿಂದ ಹೆಚ್ಚುವುದುಂಟು. ಎಂಡೋಸ್ಕೋಪಿ ಆಗಿದೆಯೇ? ಅನ್ನನಾಳದಲ್ಲಿ ಹುಣ್ಣೋ, ವಪೆಯಲ್ಲಿ ಹರ್ನಿಯಾವೋ ಇದ್ದರೆ ಸ್ಲೀವ್ ಬದಲು, ಹೊಟ್ಟೆಯನ್ನು ಕರುಳಿಗೆ ಬೇರೆ ದಾರಿಯಲ್ಲಿ ಜೋಡಿಸುವ ಗ್ಯಾಸ್ಟ್ರಿಕ್ ಬೈಪಾಸ್ ಯಾಕಾಗಬಾರದು? ಇದನ್ನು ಕೇಳದೆ ತಾರೀಖು ಗೊತ್ತು ಮಾಡಬೇಡಿ. ಪುಣೆಯಲ್ಲಿ ಈ ಕೆಲಸದಲ್ಲಿ ಪಳಗಿದ ಸರ್ಜನ್‌ಗಳಿದ್ದಾರೆ, ಇನ್ನೊಬ್ಬರನ್ನು ಕಾಣಲು ಸಂಕೋಚವೇಕೆ?

ಸೋರಿಕೆ ಅಪರೂಪ, ಅನುಭವಿಗಳ ಕೈಯಲ್ಲಿ ನೂರಕ್ಕೆ ಒಬ್ಬರ ಆಸುಪಾಸು. ಹೆಚ್ಚಾಗಿ ಸೋರುವುದು ಮೇಲ್ತುದಿಯಲ್ಲಿ, ಅನ್ನನಾಳ ಬಂದು ಸೇರುವಲ್ಲಿ. ಕೆಳಗೆ ಹೊಟ್ಟೆ ಬಾಗುವ ಜಾಗ ಇಕ್ಕಟ್ಟಾದರೆ ಒತ್ತಡವೆಲ್ಲ ಮೇಲಕ್ಕೆ ಏರುತ್ತದೆ, ಅಲ್ಲೋ ಗೋಡೆ ತೆಳು. ಅದಕ್ಕೇ ಬಾಯಿಂದ 36ರಿಂದ 40 ಫ್ರೆಂಚ್ ಅಳತೆಯ, ಅಂದರೆ 12–13 ಮಿ.ಮೀ. ದಪ್ಪದ, ನಳಿಗೆ ಇಳಿಸಿ ಅದರ ಪಕ್ಕದಲ್ಲೇ ಸ್ಟೇಪ್ಲರ್ ಒತ್ತುತ್ತಾ ಹೋಗುತ್ತಾರೆ. ಮೇಲ್ತುದಿಯಲ್ಲಿ ಅನ್ನನಾಳಕ್ಕೆ ತಾಗಿಸದೆ ತುಸು ಬಿಟ್ಟು ಕತ್ತರಿಸುತ್ತಾರೆ. ಪಿನ್ನಿನ ಸಾಲಿನ ಮೇಲೆ ಮತ್ತೊಂದು ಹೊಲಿಗೆ ಹಾಕುವವರಿದ್ದಾರೆ. ರಕ್ತ ಒಸರುವುದು ಅದರಿಂದ ಕಡಿಮೆಯಾಗುತ್ತದೆ. ಸೋರಿಕೆಯೂ ತಪ್ಪುತ್ತದೆಯೇ ಎಂಬಲ್ಲಿ ಸರ್ಜನ್‌ಗಳಲ್ಲೇ ಜಗಳ. ಕೊನೆಗೆ ನೀಲಿ ನೀರನ್ನೋ ಗಾಳಿಯನ್ನೋ ತುಂಬಿ ಪರೀಕ್ಷಿಸುತ್ತಾರೆ. ಯಾವ ಕಂಪನಿಯ ಸ್ಟೇಪ್ಲರ್ ಎಂದು ತಲೆ ಕೆಡಿಸಿಕೊಳ್ಳಬೇಡಿ, ಇಂಥ ಆಪರೇಷನ್ ಎಷ್ಟು ಮಾಡಿದ್ದೀರಿ ಎಂದು ಕೇಳಿ.

ಬೈಪಾಸ್ ಆದರೆ ಕರುಳಿನ ಜೋಡಣೆಯಲ್ಲಿ ಉಳಿಯುವ ಸಂದುಗಳನ್ನು ಹೊಲಿದು ಮುಚ್ಚುತ್ತಾರೆಯೇ ಎಂದೂ ವಿಚಾರಿಸಿ. ತೂಕ ಇಳಿದ ಮೇಲೆ ಆ ಸಂದಿನಲ್ಲಿ ಕರುಳು ಸಿಕ್ಕಿಕೊಳ್ಳಬಹುದು. ಮುಚ್ಚಿದವರಲ್ಲಿ ಕರುಳು ಕಟ್ಟಿಕೊಂಡು ಮತ್ತೆ ಆಪರೇಷನ್‌ಗೆ ಬರುವುದು ಕಡಿಮೆ ಎಂದು 2016ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಸ್ವೀಡನ್ನಿನ ಅಧ್ಯಯನ ತೋರಿಸಿದೆ.

ಮನೆಗೆ ಬಂದ ಮೇಲೂ, ಕೆಲವು ವಾರದವರೆಗೆ ಸೋರಿಕೆ ಕಾಣಿಸಿಕೊಳ್ಳಬಹುದು. ಸುಮ್ಮನೆ ಕೂತಿದ್ದಾಗಲೂ ನಾಡಿ ನಿಮಿಷಕ್ಕೆ 120 ದಾಟುವುದು, ಜ್ವರ, ಎಡ ಭುಜದ ನೋವು, ಉಸಿರುಕಟ್ಟು: ಇದರಲ್ಲಿ ಒಂದು ಕಂಡರೂ ಗ್ಯಾಸಿನ ಮಾತ್ರೆ ಕೊಟ್ಟು ಬೆಳಗಿನ ತನಕ ಕಾಯಬೇಡಿ, ಆಪರೇಷನ್ ಆದ ಆಸ್ಪತ್ರೆಗೇ ಹೊರಡಿ. ರಾತ್ರಿ ಯಾರಿಗೆ ಫೋನ್ ಮಾಡಬೇಕೆಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ.

ಅತ್ತೆಯವರನ್ನು ಒಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅವರ ಪ್ರಶ್ನೆ ಅವರೇ ಕೇಳಲಿ. ಆಪರೇಷನ್ ಆದ ಮೇಲೆ ಅವರ ಮಗನಿಗೆ ಮೊದಲು ಬೇಳೆಕಟ್ಟು, ಮಜ್ಜಿಗೆ. ಜೋಳದ ರೊಟ್ಟಿ ಡಾಕ್ಟರು ಹೇಳಿದ ಮೇಲೆ.